ಕಲ್ಲುರೆಕ್ಕೆಯ ನಲವತ್ತೊಂಬತ್ತನೇ ಪುಟ

"ಚಿಕ್ಕ ನಂಬರ್ ಬಂದ್ರೆ ಗೆಲ್ಲೋದಾ? ಪರೀಕ್ಷೇಲಿ ಎರಡು ಮಾರ್ಕ್ಸ್ ತಗೊಂಡು, ನಾನೇ ಫಸ್ಟು ಅಂತ ಕುಣಿದ ಹಾಗಿದೆ," ಎಂದಳು ಪಿಟ್ಟೆ.

"ಅದೇ ಮಜಾ ಕಣೇ," ಎಂದ ಕನ್ನಡಕ. "ದೊಡ್ಡ ನಂಬರಿಗೆ ಎಲ್ಲರೂ ಕಾಯ್ತಾರೆ. ಚಿಕ್ಕದಕ್ಕೆ ಕಾಯೋಕೆ ಗುಂಡಿಗೆ ಬೇಕು."

"ನಿನ್ನ ಗುಂಡಿಗೆ ನಮಗೆ ಗೊತ್ತಿಲ್ವಾ? ಜಿರಲೆ ನೋಡಿ ಬೆಂಚ್ ಹತ್ತಿದೋನು."

"ಅದು ಹಾರೋ ಜಿರಲೆ. ಅದರ ಲೆಕ್ಕ ಬೇರೆ."

ಮಾತು ನಡೆಯುತ್ತಿದ್ದದ್ದು ಬೈಂಡಿಂಗ್ ಅಂಗಡಿಯ ನೆಲದ ಮೇಲೆ. ಅಂಗಡಿ ಪಿಟ್ಟೆಯ ಅಮ್ಮನದು. ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿ ಕೊಡುವುದು ಅಮ್ಮನ ಕೆಲಸ. ಒಂದು ಮೂಲೆಯಲ್ಲಿ ಕಾಗದ ಕತ್ತರಿಸುವ ಯಂತ್ರ, ಇನ್ನೊಂದು ಮೂಲೆಯಲ್ಲಿ ಪುಸ್ತಕಗಳನ್ನು ಅದುಮಿ ಹಿಡಿಯುವ ಕಬ್ಬಿಣದ ಪ್ರೆಸ್, ನಡುವೆ ಗೋಂದಿನ ವಾಸನೆ. ಶಾಲೆ ಬಿಟ್ಟ ಮೇಲೆ ಪಿಟ್ಟೆ, ಅವಳ ಕ್ಲಾಸಿನ ಹುಡುಗ ಕನ್ನಡಕ, ಅವನ ಪುಟ್ಟ ತಂಗಿ ಗಡಿಬಿಡಿ, ಮೂವರೂ ಅಲ್ಲೇ ಇರುತ್ತಿದ್ದರು. ಗೋಂದಿನ ಬಟ್ಟಲು ಒದೆಯದಿದ್ದರೆ ಸಾಕು, ಅಮ್ಮ ಏನೂ ಅನ್ನುತ್ತಿರಲಿಲ್ಲ.

ಜಗಳಕ್ಕೆ ಕಾರಣ 'ಹನ್ನೆರಡು ಬಾಗಿಲು' ಎಂಬ ಆಟ. ಆ ಆಟಕ್ಕೆ ಬೋರ್ಡ್ ಇಲ್ಲ, ಕಾಯಿ ಇಲ್ಲ. ಒಬ್ಬರು ಕತೆ ಹೇಳುತ್ತಾರೆ. ಉಳಿದವರು ಆ ಕತೆಯೊಳಗೇ ಹೊಕ್ಕು ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟಬೇಕು. ಪಿಟ್ಟೆ ಬೀಗ ತೆಗೆಯುವವಳು, ಕನ್ನಡಕ ಮಾಂತ್ರಿಕ, ಗಡಿಬಿಡಿ ಕತ್ತಿ ಹಿಡಿದವಳು. ಅಂದುಕೊಂಡ ಕೆಲಸ ಆಗುತ್ತದೋ ಇಲ್ಲವೋ ಎಂದು ಹೇಳುವುದು ಹನ್ನೆರಡು ಮುಖದ ದಾಳ. ಆಟ ಅಮ್ಮನಿಗಿಂತಲೂ ಹಳೆಯದು. ನಿಯಮವೂ ಕತೆಯೂ ಇರುವ ಅದರ ಪುಸ್ತಕ ಇಲ್ಲಿಯವರೆಗೆ ಐದು ಎಡಿಷನ್ ಕಂಡಿದೆ. ಎಡಿಷನ್ ಬದಲಾದಾಗಲೆಲ್ಲ ನಿಯಮವೂ ಬದಲು, ಚಿತ್ರವೂ ಬದಲು. ಎರಡನೇದರಲ್ಲಿ ದಾಳಕ್ಕೆ ಚಿಕ್ಕ ನಂಬರ್ ಬಂದರೆ ಗೆಲುವು, ಮೂರನೇದರಲ್ಲಿ ದೊಡ್ಡದು ಬಂದರೆ. ಯಾವುದು ಒಳ್ಳೆಯದು ಎಂಬ ಜಗಳ ಮಾತ್ರ ಅದೇ.

ಮಕ್ಕಳಿಗೆ ಈ ಹುಚ್ಚು ಹತ್ತಿಸಿದವರು ಶಾಲಾ ಬಸ್ಸಿನ ಡ್ರೈವರ್ ಮಾವ. ಸಿಗ್ನಲ್ಲಿನಲ್ಲಿ ಬಸ್ ನಿಂತಾಗಲೆಲ್ಲ ಒಂದೊಂದು ಬಾಗಿಲಿನ ಕತೆ ಹೇಳಿ, ದೀಪ ಹಸಿರಾದ ಕೂಡಲೇ ನಿಲ್ಲಿಸಿಬಿಡುತ್ತಿದ್ದರು. ಊರಿನಲ್ಲಿ ಕೆಂಪು ದೀಪಕ್ಕಾಗಿ ದೇವರಲ್ಲಿ ಬೇಡಿಕೊಳ್ಳುತ್ತಿದ್ದ ಮಕ್ಕಳು ಇವರು ಮೂವರೇ ಇರಬೇಕು.

ಅದೇ ಡ್ರೈವರ್ ಮಾವ ಸೋಮವಾರ ಎರಡು ಹಳೆಯ ಪುಸ್ತಕ ತಂದು ಅಮ್ಮನ ಕೈಗಿಟ್ಟಿದ್ದರು. ಒಂದು ಎರಡನೇ ಎಡಿಷನ್, ಇನ್ನೊಂದು ಮೂರನೇ ಎಡಿಷನ್.

"ಮೂರನೇದು ನನ್ನದು. ಎರಡನೇದು ನಮ್ಮ ಅಕ್ಕನದು," ಎಂದಿದ್ದರು. "ನೋಡಿ ಕೊಡ್ತೀನಿ ಅಂತ ಸುಳ್ಳು ಹೇಳಿ ತಂದಿದೀನಿ. ಮುಟ್ಟಿದ್ರೆ ಉದುರುತ್ತೆ ಅಂತ ತೆರೆದೂ ನೋಡಿಲ್ಲ. ಭಾನುವಾರ ಅವಳ ಐವತ್ತನೇ ಹುಟ್ಟುಹಬ್ಬ. ಹೊಸ ರಟ್ಟು ಹಾಕಿಸಿ ಕೈಗೆ ಕೊಡಬೇಕು. ಶನಿವಾರ ಮಧ್ಯಾಹ್ನ ಆಗುತ್ತಾ?"

"ಆಗುತ್ತೆ," ಎಂದಿದ್ದಳು ಅಮ್ಮ.

"ಹಾಗಾದ್ರೆ ಶನಿವಾರ ಬಂದು ಇವರಿಗೆ ಹನ್ನೆರಡನೇ ಬಾಗಿಲು ಆಡಿಸ್ತೀನಿ. ಇಲ್ಲೇ, ಈ ಮೇಜಿನ ಮೇಲೆ."

ಅಂದಿನಿಂದ ಪಿಟ್ಟೆಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಇವತ್ತು ಗುರುವಾರ. ಅಮ್ಮ ಎರಡೂ ಪುಸ್ತಕಗಳನ್ನು ಬಿಚ್ಚಿ, ಹಳೆಯ ಗೋಂದು ಕೆರೆದು ಇಟ್ಟಿದ್ದಳು. ರಟ್ಟು ಹೋದ ಮೇಲೆ ಪುಸ್ತಕ ಅಂದರೆ ಹದಿನಾರು ಪುಟಗಳ ಮಡಿಕೆಗಳು, ಒಂದರ ಮೇಲೊಂದು. ಎರಡರಲ್ಲೂ ಎಂಟೆಂಟು ಮಡಿಕೆ. ಹೊಲಿಯುವ ಮೊದಲು ಮಡಿಕೆಗಳನ್ನು ಕ್ರಮವಾಗಿ ಜೋಡಿಸುವುದು ಪಿಟ್ಟೆಯ ಕೆಲಸ. ಎರಡು ವರ್ಷದಿಂದ ಅದು ಅವಳದೇ, ಒಂದು ದಿನವೂ ತಪ್ಪಿದ್ದಿಲ್ಲ ಎಂಬ ಜಂಬ ಬೇರೆ. ಅಮ್ಮನದು ಒಂದೇ ಕಟ್ಟುನಿಟ್ಟು: ಗಿರಾಕಿಗಳ ಪುಸ್ತಕದಲ್ಲಿ ಕೈಬರಹ ಕಂಡರೆ ಓದಬಾರದು. ಅಚ್ಚಾದದ್ದು ಊರಿಗೆಲ್ಲ ಸೇರಿದ್ದು, ಕೈಯಲ್ಲಿ ಬರೆದದ್ದು ಬರೆದವರಿಗೆ ಸೇರಿದ್ದು ಎನ್ನುತ್ತಿದ್ದಳು.

ಪಿಟ್ಟೆ ಎರಡೂ ಪುಸ್ತಕದ ನಾಲ್ಕನೇ ಮಡಿಕೆಯನ್ನು ಎಳೆದು ತೊಡೆಯ ಮೇಲೆ ಹರಡಿಕೊಂಡಿದ್ದಳು. ಹನ್ನೆರಡನೇ ಬಾಗಿಲು ಕಾಯುವ ಕಲ್ಲಿನ ಮೃಗ ಕಲ್ಲುರೆಕ್ಕೆಯ ಚಿತ್ರ ಎರಡರಲ್ಲೂ ಐವತ್ತನೇ ಪುಟದಲ್ಲೇ ಇತ್ತು.

"ನೋಡು. ಮೂರನೇದರಲ್ಲಿ ಹೇಗೆ ಹಾರ್ತಿದೆ. ನಿಮ್ಮ ಎರಡನೇದರಲ್ಲಿ ರೆಕ್ಕೆ ಇಟ್ಕೊಂಡೂ ಸುಮ್ನೆ ಕೂತಿದೆ. ಅದೇನು ಶೋಕೇಸ್ ಗೊಂಬೆನಾ?"

"ಕೂತಿರೋದೇ ಭಯ," ಎಂದ ಕನ್ನಡಕ. "ಯಾವಾಗ ಏಳುತ್ತೋ ಗೊತ್ತಾಗಲ್ಲ."

"ಮೂರನೇ ಎಡಿಷನ್ನೇ ಬೆಸ್ಟ್. ಹನ್ನೊಂದು ಕಾರಣ ಬರೆದಿಟ್ಟಿದೀನಿ, ನೋಟ್‌ಬುಕ್ ತೋರಿಸ್ಲಾ?"

"ಓಟ್ ಹಾಕೋಣ, ಓಟ್ ಹಾಕೋಣ," ಎಂದು ಗಡಿಬಿಡಿ ಆಗಲೇ ಕೈ ಎತ್ತಿಬಿಟ್ಟಿದ್ದಳು. "ನಂದು ಎರಡನೇದಕ್ಕೆ. ಅಣ್ಣಂದೂ ಎರಡನೇದಕ್ಕೆ. ಮುಗೀತು. ಬಾರೋ ಅಣ್ಣ, ಮನೇಲಿ ಅಮ್ಮ ಕಾಯ್ತಿರ್ತಾರೆ."

ಅವಳು ಅಣ್ಣನ ತೋಳು ಹಿಡಿದು ಬಾಗಿಲವರೆಗೆ ಎಳೆದೇಬಿಟ್ಟಳು.

"ಅಣ್ಣ ತಂಗಿ ಸೇರಿ ಓಟ್ ಹಾಕೋದು ಮೋಸ," ಎಂದು ಪಿಟ್ಟೆ ಅವರ ಬೆನ್ನಿಗೆ ಕೂಗಿದಳು. ಬಾಯಿ ಬಾಗಿಲ ಕಡೆಗಿತ್ತು, ಕೈ ತನ್ನ ಪಾಡಿಗೆ ಮಡಿಕೆಗಳನ್ನು ಒಳಗೆ ತುರುಕುತ್ತಿತ್ತು. ಎಡ ತೊಡೆಯ ಮೇಲಿದ್ದದ್ದು ಬಲಗಡೆಯ ರಾಶಿಗೆ ಹೋಯಿತು, ಬಲದ್ದು ಎಡಕ್ಕೆ. ಅದು ಪಿಟ್ಟೆಗೆ ಗೊತ್ತಾಗಲೇ ಇಲ್ಲ.

ಅಮ್ಮನಿಗೂ ಗೊತ್ತಾಗಲಿಲ್ಲ. ಅವಳು ಎಂದಿನಂತೆ ಪುಟದ ನಂಬರುಗಳನ್ನು ನೋಡಿದಳು. ನಲವತ್ತೆಂಟಾದ ಮೇಲೆ ನಲವತ್ತೊಂಬತ್ತು, ಅರವತ್ತನಾಲ್ಕಾದ ಮೇಲೆ ಅರವತ್ತೈದು. ಎಲ್ಲ ಸರಿಯಾಗಿತ್ತು. ಶುಕ್ರವಾರ ಎರಡೂ ಪುಸ್ತಕವನ್ನು ಹೊಲಿದು, ಬೆನ್ನಿಗೆ ಗೋಂದು ಹಚ್ಚಿ, ಒಂದಕ್ಕೆ ಹಸಿರು ರಟ್ಟು, ಇನ್ನೊಂದಕ್ಕೆ ಕಪ್ಪು ರಟ್ಟು ಹಾಕಿ ಪ್ರೆಸ್ಸಿನಲ್ಲಿಟ್ಟಳು.

ಶನಿವಾರ ಮಧ್ಯಾಹ್ನ ಪ್ರೆಸ್ಸಿನ ತಿರುಪು ಬಿಚ್ಚಿ ಪುಸ್ತಕ ಹೊರತೆಗೆದವಳು ಪಿಟ್ಟೆಯೇ. ಹಸಿರು ರಟ್ಟು ಎರಡನೇ ಎಡಿಷನ್ನಿನದು. ಎಷ್ಟು ಚೆಂದ ಕೂತಿತ್ತೆಂದರೆ ಅವಳು ಅದನ್ನೊಮ್ಮೆ ಮೂಸಿಯೂ ನೋಡಿದಳು. ಆಮೇಲೆ, ಆಡುವ ಮೊದಲು ಕಲ್ಲುರೆಕ್ಕೆಯ ಮುಖ ಒಂದು ಸಲ ನೋಡೋಣವೆಂದು ತೆರೆದಳು.

ಕಲ್ಲುರೆಕ್ಕೆ ಹಾರುತ್ತಿತ್ತು.

ಎರಡನೇ ಎಡಿಷನ್ನಿನಲ್ಲಿ ಅದು ಹಾರುವುದಿಲ್ಲ. ಪಿಟ್ಟೆ ಒಂದು ಪುಟ ಹಿಂದಕ್ಕೆ ಹೋದಳು. ಎಡಗಡೆ ನಲವತ್ತೆಂಟು, ಸಣ್ಣ ಅಕ್ಷರ, ಅಡಿಯಲ್ಲಿ ಯಾರದೋ ಪೆನ್ಸಿಲ್ ಬರಹ. ಬಲಗಡೆ ನಲವತ್ತೊಂಬತ್ತು, ದಪ್ಪ ಅಕ್ಷರ, ತಲೆಯ ಮೇಲೆ ಯಾರದೋ ನೀಲಿ ಪೆನ್ನಿನ ಬರಹ. ಕೈಬರಹ ಓದಬಾರದೆಂಬುದು ಆ ಗಾಬರಿಯಲ್ಲೂ ನೆನಪಿತ್ತು, ಓದಲಿಲ್ಲ. ಗುರುವಾರ ತೊಡೆಯ ಮೇಲಿದ್ದ ಎರಡು ಮಡಿಕೆಗಳು ಕಣ್ಣ ಮುಂದೆ ಬಂದವು.

"ಹೇಗಿದೆ?" ಎಂದಳು ಅಮ್ಮ, ಕೈ ಒರೆಸಿಕೊಳ್ಳುತ್ತಾ. ಕೆಲಸ ಚೆನ್ನಾಗಿ ಬಂದ ದಿನ ಅಮ್ಮನ ಮುಖವೇ ಬೇರೆ ಇರುತ್ತದೆ.

"ಚೆನ್ನಾಗಿದೆ," ಎಂದಳು ಪಿಟ್ಟೆ. ಅಷ್ಟರಲ್ಲಿ ಡ್ರೈವರ್ ಮಾವ ಒಳಗೆ ಬಂದರು, ಹಿಂದೆಯೇ ಅಣ್ಣ ತಂಗಿ.

ಡ್ರೈವರ್ ಮಾವ ಹಸಿರು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬೆನ್ನಿನ ಮೇಲೆ ಬೆರಳಾಡಿಸಿದರು. "ಅಕ್ಕ ಇದನ್ನ ನೋಡಿದ್ರೆ ಒಂದು ನಿಮಿಷ ಮಾತೇ ಆಡಲ್ಲ," ಎಂದರು. "ಅವಳನ್ನ ಒಂದು ನಿಮಿಷ ಸುಮ್ನಿರಿಸೋದು ಅಂದ್ರೆ ಸುಮ್ನೆ ಅಲ್ಲ."

ಅವರು ಪುಸ್ತಕ ತೆರೆಯಲಿಲ್ಲ. ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಇಟ್ಟರು. "ಎರಡನೇದು ನನಗೆ ಬಾಯಿಪಾಠ. ಯಾವ ಎಡಿಷನ್ ಅಂತ ತೀರ್ಮಾನ ಆಯ್ತಾ?"

"ಎರಡನೇದು," ಎಂದರು ಅಣ್ಣ ತಂಗಿ ಒಟ್ಟಿಗೆ.

ಪಿಟ್ಟೆ ಎಲ್ಲ ಲೆಕ್ಕ ಹಾಕಿದಳು. ಮಾವ ಪುಸ್ತಕ ನೋಡುವುದೇ ಇಲ್ಲ. ಅವರ ಅಕ್ಕನೂ ರಟ್ಟು ನೋಡಿ ಖುಷಿಪಟ್ಟು ಕಪಾಟಿನಲ್ಲಿಡಬಹುದು. ಒಂದೇ ಒಂದು ಮಡಿಕೆ. ಬಾಯಿ ಬಿಟ್ಟರೆ ಅಮ್ಮನ ಮುಖ ಈಗಲೇ ಬಾಡುತ್ತದೆ, ಆಟವೂ ಹೋಗುತ್ತದೆ. ಆಟ ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದುಕೊಂಡಳು. ಈ 'ಆಮೇಲೆ' ಇದೆಯಲ್ಲ, ಅದನ್ನು ನಂಬಿ ಕೆಟ್ಟವರು ತುಂಬ ಜನ.

ಡ್ರೈವರ್ ಮಾವ ದನಿ ತಗ್ಗಿಸಿದರು. ಅಂಗಡಿಯೇ ತಣ್ಣಗಾದಂತಾಯಿತು.

"ಹನ್ನೊಂದು ಬಾಗಿಲು ಹಿಂದೆ ಉಳಿದವು. ಎದುರಿಗೆ ಉದ್ದನೆಯ ಹಜಾರ. ಕೊನೆಯಲ್ಲಿ ಒಂದು ಕಲ್ಲಿನ ಗುಡ್ಡೆ. ಅದು ಗುಡ್ಡೆಯಲ್ಲ. ಅದು ಉಸಿರಾಡ್ತಾ ಇದೆ. ಏನು ಮಾಡ್ತೀರಿ?"

"ನಾನು ಓಡಿ ಹೋಗಿ ಹೊಡೀತೀನಿ," ಎಂದಳು ಗಡಿಬಿಡಿ.

"ಸ್ವಲ್ಪ ತಡಿ ಮಾರಾಯ್ತಿ," ಎಂದ ಕನ್ನಡಕ. "ನಾನು ದೀಪದ ಮಂತ್ರ ಹಾಕ್ತೀನಿ."

ದಾಳ ಉರುಳಿತು. ನಾಲ್ಕು. ಹಜಾರದಲ್ಲಿ ಬೆಳಕಾಯಿತು. ಕಲ್ಲುರೆಕ್ಕೆ ಕೂತಿದ್ದ ಹಾಗೇ ಕೂತಿತ್ತು. ಗಡಿಬಿಡಿಯ ಕತ್ತಿ ಅದರ ಮೇಲೆ ಬಿದ್ದು ಎರಡು ತುಂಡಾಯಿತು. ಅದು ಅಲುಗಲಿಲ್ಲ. ಕನ್ನಡಕನ ಬೆಂಕಿ ತಗಲಿ ಆರಿತು. ಆಗಲೂ ಅಲುಗಲಿಲ್ಲ. ಪಿಟ್ಟೆ ಮೇಜಿನಿಂದ ಒಂದಿಷ್ಟು ಹಿಂದಕ್ಕೆ ಸರಿದಳು. ಹಾರಿ ಬಂದಿದ್ದರೆ ಓಡಬಹುದಿತ್ತು, ಬಗ್ಗಬಹುದಿತ್ತು. ಸುಮ್ಮನೆ ಕೂತಿರುವುದನ್ನು ಏನು ಮಾಡುವುದು?

"ಈಗ ಒಂದು ಕಣ್ಣು ತೆರೀತು," ಎಂದರು ಮಾವ. ಗಡಿಬಿಡಿ ಅಣ್ಣನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವನು 'ಆಯ್' ಎಂದ.

"ನಾನು ಹತ್ತಿರ ಹೋಗ್ತೀನಿ," ಎಂದಳು ಪಿಟ್ಟೆ. "ಕೈಯಲ್ಲಿ ಏನೂ ಇಲ್ಲ ಅಂತ ತೋರಿಸ್ತೀನಿ. ಬೀಗದ ಕೈ ಕೊಡು ಅಂತ ಕೇಳ್ತೀನಿ."

"ಎರಡು, ಇಲ್ಲಾಂದ್ರೆ ಒಂದು ಬರಬೇಕು. ಮೂರು ಬಂದ್ರೂ ಮೂವರ ಕತೆ ಮುಗೀತು."

ಪಿಟ್ಟೆ ದಾಳವನ್ನು ಅಂಗೈಯಲ್ಲಿ ಕುಲುಕಿದಳು. ಜೀವನದಲ್ಲಿ ಮೊದಲ ಸಲ ಚಿಕ್ಕ ನಂಬರಿಗಾಗಿ ಬೇಡಿಕೊಂಡಳು. ದಾಳ ಮೇಜಿನ ಅಂಚಿನವರೆಗೆ ಓಡಿತು, ಗೋಂದಿನ ಬಟ್ಟಲಿಗೆ ತಾಗಿತು, ತಿರುಗಿತು, ನಿಂತಿತು.

ಎರಡು.

ಗಡಿಬಿಡಿ ಕುರ್ಚಿಯ ಮೇಲೆ ಹತ್ತಿ ಕುಣಿದಳು. ಕನ್ನಡಕನ ಕನ್ನಡಕ ಬಿದ್ದೇಹೋಯಿತು. ಅಮ್ಮನೂ ಹೊಲಿಯುತ್ತಿದ್ದ ಸೂಜಿ ನಿಲ್ಲಿಸಿ ನಕ್ಕಳು.

"ಇನ್ನು ಪುಸ್ತಕ ತೆಗೀಲೇಬೇಕು," ಎಂದರು ಮಾವ. "ಕಲ್ಲುರೆಕ್ಕೆ ಸೋಲೋದನ್ನ ಬಾಯಿಪಾಠ ಹೇಳಬಾರದು. ಗೆದ್ದವರು ಪುಸ್ತಕ ನೋಡಿ ಓದಬೇಕು. ಇದು ನಮ್ಮ ಅಕ್ಕ ಮಾಡಿದ ರೂಲು. ತಗೋ, ನಲವತ್ತೆಂಟನೇ ಪುಟದ ಕೊನೇ ಪ್ಯಾರಾ."

ಹಸಿರು ಪುಸ್ತಕ ಪಿಟ್ಟೆಯ ಕೈಗೆ ಬಂತು.

ಅವಳು ತೆರೆದಳು. ಓದಿದಳು. "'ಕಲ್ಲುರೆಕ್ಕೆ ಮೆಲ್ಲನೆ ತಲೆ ತಗ್ಗಿಸಿತು. ಸಾವಿರ ವರ್ಷ ಯಾರಿಗೂ ಕೊಡದ ಬೀಗದ ಕೈಯನ್ನು ತನ್ನ ನಾಲಿಗೆಯ ಅಡಿಯಿಂದ'..."

ಪುಟ ಮುಗಿಯಿತು. ಬಲಗಡೆಯ ಪುಟ ಹೀಗೆ ಶುರುವಾಗುತ್ತಿತ್ತು: 'ಹತ್ತಕ್ಕಿಂತ ಹೆಚ್ಚು ಬಂದರೆ ಮಾತ್ರ ಬಾಲವನ್ನು ತುಳಿಯಬಹುದು.'

ಎಲ್ಲರೂ ಕಾಯುತ್ತಿದ್ದರು. ಏನಾದರೊಂದು ಕಟ್ಟಿ ಹೇಳಿಬಿಡಬಹುದಿತ್ತು. 'ತೆಗೆದು ಕೊಟ್ಟಿತು' ಎಂದರೆ ಸಾಕಿತ್ತು. ಮಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅವರ ಮುಖ ನೋಡಿ ಪಿಟ್ಟೆ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಮುಂದಿನದು ಇದರಲ್ಲಿ ಇಲ್ಲ, ಮಾವ," ಎಂದಳು. "ಕಪ್ಪು ಪುಸ್ತಕದಲ್ಲಿದೆ. ನಾನೇ ಮಡಿಕೆ ಅದಲು ಬದಲು ಮಾಡಿಬಿಟ್ಟೆ. ಗುರುವಾರ. ಇವನ ಜೊತೆ ಜಗಳ ಆಡ್ತಾ. ನೀವು ಬರೋ ಮೊದಲೇ ಗೊತ್ತಾಯ್ತು, ಆದ್ರೂ ಹೇಳ್ಲಿಲ್ಲ. ಆಟ ಹೋಗುತ್ತೆ ಅಂತ."

ಅಮ್ಮ ಎದ್ದು ಬಂದು ಪುಸ್ತಕ ತೆಗೆದುಕೊಂಡಳು. ಒಂದು ಪುಟ ನೋಡಿದಳು, ಇನ್ನೊಂದು ನೋಡಿದಳು. ಪಿಟ್ಟೆ ಹೆದರಿದ್ದ ಹಾಗೆಯೇ ಆ ಮುಖ ಬಾಡಿತು.

"ನಂಬರ್ ನೋಡಿದೆ, ಸಾಲು ಓದಲಿಲ್ಲ," ಎಂದಳು ಅಮ್ಮ, ತನಗೇ ಹೇಳಿಕೊಂಡಂತೆ. ಆಮೇಲೆ ಮಾವನ ಕಡೆ ತಿರುಗಿದಳು. "ಅವಳು ಜೋಡಿಸಿರಬಹುದು, ಹೊಲಿದದ್ದು ನಾನು. ಬಿಚ್ಚಿ ಸರಿ ಮಾಡಿಕೊಡ್ತೀನಿ. ಆದ್ರೆ ನಾಳೆಗೆ ಆಗಲ್ಲ, ಬಿಚ್ಚಿ ಹೊಲಿಯೋಕೆ ಒಂದು ದಿನ, ಗೋಂದು ಒಣಗೋಕೆ ಒಂದು ದಿನ ಬೇಕು."

ಅಂದರೆ ನಾಳೆಯ ಹುಟ್ಟುಹಬ್ಬಕ್ಕೆ ಪುಸ್ತಕ ಇಲ್ಲ. ಪಿಟ್ಟೆಗೆ ಅಳು ಬಂದೇಬಿಟ್ಟಿತು.

ಡ್ರೈವರ್ ಮಾವ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಎಡಗಡೆಯ ಪುಟದ ಅಡಿಯಲ್ಲಿದ್ದ ಪೆನ್ಸಿಲ್ ಬರಹವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇದು ಅಕ್ಕನ ಕೈ. ಯಾವಾಗ ಬರೆದ್ಲು ಇದನ್ನ?" ಎಂದು ಮೆಲ್ಲಗೆ ಓದತೊಡಗಿದರು. "'ತಮ್ಮನ ಪುಸ್ತಕದಲ್ಲಿ ಇದು ಹಾರುತ್ತದೆ. ಹಾರಬೇಕಾದ್ದೇ. ಅವನು ಹೇಳಿದ್ದು ಸರಿ. ಅವನಿಗೆ ಹೇಳಬಾರದು.'"

ಅವರು ಅದನ್ನೇ ಇನ್ನೊಂದು ಸಲ ಓದಿಕೊಂಡರು. ಆಮೇಲೆ ಬಲಗಡೆಯ ಪುಟದ ನೀಲಿ ಪೆನ್ನಿನ ಬರಹದ ಮೇಲೆ ಬೆರಳಿಟ್ಟರು.

"ಇದು ನನ್ನ ಕೈ. ಹದಿನೆಂಟು ವರ್ಷದ ಹುಡುಗ ಆಗ. 'ಇದರಲ್ಲಿ ಬೀಗದ ಕೈ ಕೊಡುವುದೇ ಇಲ್ಲ, ಬರೀ ಹೊಡೆದಾಟ. ಅಕ್ಕನ ಕಲ್ಲುರೆಕ್ಕೆಯೇ ವಾಸಿ. ಅವಳಿಗೆ ಹೇಳಬಾರದು.'"

ಮೊದಲು ಅವರ ಭುಜ ಅಲುಗಿತು. ಆಮೇಲೆ ಹೊಟ್ಟೆ. ಕೊನೆಗೆ ಅವರು ಮೇಜು ಬಡಿದುಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದಾಳ ಹಾರಿ ಕೆಳಗೆ ಬಿತ್ತು.

"ಇಪ್ಪತ್ತೆಂಟು ವರ್ಷ," ಎಂದರು ಉಸಿರು ತಿರುಗಿದಾಗ. "ಇಪ್ಪತ್ತೆಂಟು ವರ್ಷದಿಂದ ಪ್ರತಿ ಭಾನುವಾರ ಫೋನಲ್ಲಿ ಜಗಳ. ಅವಳು ಎರಡನೇದು ಅಂತಾಳೆ, ನಾನು ಮೂರನೇದು ಅಂತೀನಿ. ನೋಡಿದ್ರೆ ಇಬ್ಬರೂ ಕಳ್ಳರು."

"ಬಿಚ್ಚಲಾ?" ಎಂದಳು ಅಮ್ಮ.

"ಈಗಲೇ ಬೇಡ. ನಾಳೆ ಹೀಗೇ ತಗೊಂಡು ಹೋಗ್ತೀನಿ. ಬಿಚ್ಚೋದಾ ಬೇಡ್ವಾ ಅಂತ ಅವಳೇ ಹೇಳಲಿ." ಮಾವ ಕಣ್ಣೊರೆಸಿಕೊಂಡು ಪಿಟ್ಟೆಯತ್ತ ನೋಡಿದರು. "ಮೂಗು ಒರೆಸ್ಕೊ. ಕಲ್ಲುರೆಕ್ಕೆ ಇನ್ನೂ ನಾಲಿಗೆ ಚಾಚಿಕೊಂಡೇ ಕೂತಿದೆ ಪಾಪ. ಓದಿ ಮುಗಿಸಿ."

ಕನ್ನಡಕ ಕಪ್ಪು ಪುಸ್ತಕ ತೆರೆದು ನಲವತ್ತೊಂಬತ್ತನೇ ಪುಟ ಹುಡುಕಿದ. ಎರಡೂ ಪುಸ್ತಕವನ್ನು ಪಕ್ಕ ಪಕ್ಕ ಇಟ್ಟುಕೊಂಡರು. ಪಿಟ್ಟೆ ಹಸಿರು ಪುಸ್ತಕದಿಂದ ಓದಿದಳು: "'...ಬೀಗದ ಕೈಯನ್ನು ತನ್ನ ನಾಲಿಗೆಯ ಅಡಿಯಿಂದ'..."

ಕನ್ನಡಕ ಕಪ್ಪು ಪುಸ್ತಕದಿಂದ ಮುಂದುವರಿಸಿದ: "'ತೆಗೆದು, ಎದುರಿಗೆ ನಿಂತವರ ಅಂಗೈಯಲ್ಲಿ ಇಟ್ಟಿತು. ನೀವು ಹೆದರಿಕೊಂಡೇ ಬಂದಿರಿ, ಆದರೂ ಬಂದಿರಿ, ತೆಗೆದುಕೊಳ್ಳಿ ಎಂದಿತು.'"

"ಬಾಗಿಲು ತೆರೀತಾ?" ಎಂದಳು ಗಡಿಬಿಡಿ.

"ತೆರೀತು," ಎಂದರು ಡ್ರೈವರ್ ಮಾವ.

ಅವರು ಹೋದ ಮೇಲೆ ಅಮ್ಮ ಹೊಲಿಗೆಗೆ ಕೂತಳು. ಪಿಟ್ಟೆ ಬೈಗುಳಕ್ಕಾಗಿ ಕಾದಳು. ಬೈಗುಳ ಬರಲಿಲ್ಲ.

"ಇನ್ನು ಮೇಲೆ ನಂಬರ್ ನೋಡಿದ್ರೆ ಸಾಲದು," ಎಂದಳು ಅಮ್ಮ ಸೂಜಿಗೆ ದಾರ ಪೋಣಿಸುತ್ತಾ. "ಒಂದು ಮಡಿಕೆಯ ಕೊನೇ ಸಾಲು, ಮುಂದಿನ ಮಡಿಕೆಯ ಮೊದಲನೇ ಸಾಲು, ಎರಡೂ ಜೋರಾಗಿ ಓದಬೇಕು. ನೀನು ಓದು, ನಾನು ಕೇಳ್ತೀನಿ. ಆಮೇಲೆ ನಾನು ಓದ್ತೀನಿ, ನೀನು ಕೇಳು."

"ಅಂದ್ರೆ ಜೋಡಿಸೋ ಕೆಲಸ ಇನ್ನೂ ನಂದೇನಾ?"

"ಮತ್ಯಾರದು?" ಎಂದಳು ಅಮ್ಮ.

ಸೋಮವಾರ ಬೆಳಿಗ್ಗೆ ಮೊದಲ ಸಿಗ್ನಲ್ಲಿನಲ್ಲೇ ಕೆಂಪು ದೀಪ ಬಿತ್ತು. ಮೂವರೂ ಡ್ರೈವರ್ ಮಾವನ ಸೀಟಿನ ಹಿಂದೆ ಒತ್ತಿಕೊಂಡು ನಿಂತರು.

"ಅಕ್ಕ ಏನಂದ್ರು?"

"ಒಂದು ನಿಮಿಷ ಅಂದುಕೊಂಡಿದ್ದೆ. ಐದು ನಿಮಿಷ ಮಾತಾಡಲಿಲ್ಲ," ಎಂದರು ಮಾವ ಕನ್ನಡಿಯಲ್ಲಿ ಅವರನ್ನು ನೋಡುತ್ತಾ. "ಆಮೇಲೆ ಇದನ್ನ ಬಿಚ್ಚಿದ್ರೆ ನಿನ್ನ ಕೈ ಮುರೀತೀನಿ ಅಂದ್ಲು. ಈಗ ಹೊಸ ಜಗಳ. ಹಸಿರು ಪುಸ್ತಕ ಯಾರ ಮನೇಲಿರಬೇಕು ಅಂತ."

ದೀಪ ಹಸಿರಾಯಿತು. ಪಿಟ್ಟೆ ತನ್ನ ಸೀಟಿಗೆ ಬಂದು ಬ್ಯಾಗಿನಿಂದ ಆಟದ ನೋಟ್‌ಬುಕ್ ತೆಗೆದಳು. 'ಮೂರನೇ ಎಡಿಷನ್ ಯಾಕೆ ಬೆಸ್ಟ್' ಎಂಬ ತಲೆಬರಹದ ಕೆಳಗೆ ಹನ್ನೊಂದು ಕಾರಣಗಳು ಇದ್ದವು. ಒಂದನ್ನೂ ಅವಳು ಹೊಡೆದುಹಾಕಲಿಲ್ಲ, ಅವೆಲ್ಲ ನಿಜವೇ. ಪೆನ್ಸಿಲ್ ತೆಗೆದುಕೊಂಡು ಎಲ್ಲಕ್ಕಿಂತ ಕೆಳಗೆ, ಬಸ್ಸಿನ ಕುಲುಕಾಟದಲ್ಲೇ ಸಣ್ಣಗೆ ಬರೆದಳು.

'ಕಲ್ಲುರೆಕ್ಕೆ ಹಾರದೆ ಕೂತಿದ್ದರೇ ಹೆಚ್ಚು ಭಯ. ಕನ್ನಡಕ ಹೇಳಿದ್ದು ಸರಿ. ಅವನಿಗೆ ಹೇಳಬಾರದು.'

ಶಾಲೆ ಬಂತು. ಇಳಿಯುವಾಗ ಪಿಟ್ಟೆ ನೋಟ್‌ಬುಕ್ಕನ್ನು ಕನ್ನಡಕನ ಬ್ಯಾಗಿನ ಮೇಲೆ, ಅದೇ ಪುಟ ತೆರೆದು, ಮರೆತವಳಂತೆ ಬಿಟ್ಟು ಹೋದಳು.